ಥೆಟ್‌ಫರ್ಡಿನ ಆ ದಿಬ್ಬವೇ ಕೋಟೆ

ಇವತ್ತು ಇಂಗ್ಲೆಂಡಿನ ಥೆಟ್‌ಫರ್ಡ್‌ನಲ್ಲಿ ನಮ್ಮ ಕನ್ನಡದವರದೇ ಒಂದು ಗುಂಪು ಕಂಡಿತು. ಕ್ಯಾಸಲ್ ಹಿಲ್ ಎಂಬ ದಿಬ್ಬದ ಬುಡದಲ್ಲಿ ನಿಂತು, "ಚಿತ್ರದುರ್ಗ ನೋಡಿದವರಿಗೆ ಇದೇನು? ಕೋಟೆ ಎಲ್ಲಿದೆ?" ಎಂದು ಕಾರು ಹತ್ತಿ ಹೊರಟೇಬಿಟ್ಟರು. ರಾತ್ರಿಯಾದರೂ ನನ್ನ ಸಿಟ್ಟು ಇಳಿದಿಲ್ಲ.

ಕೋಟೆ ಕಣ್ಣೆದುರೇ ಇತ್ತಲ್ಲ! ಆ ದಿಬ್ಬವೇ ಕೋಟೆ. ಎತ್ತರ ಸುಮಾರು 20 ಮೀಟರ್. ಇಂಗ್ಲೆಂಡಿನಲ್ಲಿ ಇಷ್ಟು ಎತ್ತರದ ಕೋಟೆ ದಿಬ್ಬ ಬಹಳ ಕಡಿಮೆ. 1066ರಲ್ಲಿ ಫ್ರಾನ್ಸ್ ಕಡೆಯಿಂದ ಬಂದು ದೇಶ ಗೆದ್ದ ನಾರ್ಮನ್ನರು ಕೆಲವೇ ವರ್ಷಗಳಲ್ಲಿ ಇದನ್ನು ಎಬ್ಬಿಸಿದರು. ಕಬ್ಬಿಣ ಯುಗದವರ ಹಳೇ ಏರಿ, ಅಗಳು ಅಲ್ಲಿ ಮೊದಲೇ ಇದ್ದವು. ಹುಲ್ಲು ಸವೆದ ಕಡೆ ಬಗ್ಗಿ ನೋಡಿ, ಬೆಳ್ಳಗೆ ಸೀಮೆಸುಣ್ಣದ ಕಲ್ಲಿನ ಚೂರು ಕಾಣುತ್ತದೆ. ಅಷ್ಟನ್ನೂ ಗುದ್ದಲಿಯಲ್ಲಿ ಅಗೆದು, ಹೊತ್ತು ಹಾಕಿದ್ದು ಮನುಷ್ಯರೇ. ನಮ್ಮಪ್ಪ ಬರಗಾಲದಲ್ಲಿ ಕೆರೆ ಹೂಳು ಹೊತ್ತವರು. ಯಾರಾದರೂ "ಬರೀ ಮಣ್ಣು" ಎಂದರೆ ನನಗೆ ತಡೆಯಲಾಗುವುದಿಲ್ಲ.

ಮೇಲಿದ್ದ ಮರದ ಕಟ್ಟಡ ಹೋಯಿತು, ಒಪ್ಪಿದೆ. ಈ ಸೀಮೆಯ ಪ್ರಭು ಹ್ಯೂ ಬಿಗಾಡ್ ತನ್ನ ಮೇಲೆ ದಂಗೆ ಎದ್ದಾಗ, 1173ರಲ್ಲಿ, ದೊರೆ 2ನೇ ಹೆನ್ರಿ ಕೋಟೆ ಕೆಡವಿಸಿದ. ಮರ ಕೀಳಬಹುದು. ಅಷ್ಟು ಮಣ್ಣನ್ನು ಯಾರು ಸಾಗಿಸುತ್ತಾರೆ?

"ಜನಕ್ಕೆ ನೋಡೋಕೆ ಏನಾದರೂ ಬೇಕಲ್ವಾ?" ಎಂದು ಕೇಳಬಹುದು. ಬೇಕು. ಆದರೆ ಮೆಟ್ಟಿಲನ್ನೇ ಹತ್ತದವರಿಗೆ ಏನು ತಾನೇ ಕಂಡೀತು? ಅರ್ಧ ಹತ್ತುವಷ್ಟರಲ್ಲಿ ಏದುಸಿರು ಬರುತ್ತದೆ. ಮೇಲಿಂದ ಬಾಣ ಬೀಳುವಾಗ ಹತ್ತಬೇಕಿದ್ದವನ ಗತಿ ಏನು? ಅದಕ್ಕೆ ಬೋರ್ಡು, ಗೈಡು ಬೇಕಿಲ್ಲ.

ಮಣ್ಣಿನಲ್ಲಿ ಏನಿರುತ್ತದೆ ಅಂದರೆ, ವೇಲ್ಸ್‌ನ ಮಾಂಟ್‌ಗೊಮರಿ ಹತ್ತಿರದ ಹೆನ್ ಡೊಮೆನ್ ಎಂಬ ಇಂಥದೇ ಮಣ್ಣಿನ ಕೋಟೆ ನೋಡಿ. ಹೊರಗಿನಿಂದ ಗಿಡಮರ ಬೆಳೆದ ಒಂದು ಗುಡ್ಡೆ ಅಷ್ಟೇ. 1960ರಿಂದ ಸುಮಾರು ಮೂರು ದಶಕ ಪುರಾತತ್ವಜ್ಞ ಫಿಲಿಪ್ ಬಾರ್ಕರ್ ಮತ್ತು ಸಂಗಡಿಗರು ಅದನ್ನು ಪದರಪದರವಾಗಿ ಕೆರೆದು ನೋಡಿದರು. ಕಂಬ ಕೊಳೆತು ಹೋದರೂ ಅದು ನಿಂತಿದ್ದ ಗುಳಿಯ ಮಣ್ಣಿನ ಬಣ್ಣ ಬೇರೆ ಇರುತ್ತದೆ. ಅಂಥ ಗುರುತು ಹಿಡಿದೇ, ಅಂಗಳದ ತುಂಬ ಒತ್ತೊತ್ತಾಗಿ ನಿಂತಿದ್ದ ಕಟ್ಟಡಗಳನ್ನು ಪತ್ತೆ ಮಾಡಿದರು. ಒಂದು ಹಳತಾದರೆ ಅದೇ ಜಾಗದಲ್ಲಿ ಇನ್ನೊಂದು. ಎಲ್ಲಕ್ಕಿಂತ ಕೆಳಗೆ, ಕೋಟೆಗೂ ಮುಂಚೆ ಯಾರೋ ರೈತರು ಉತ್ತಿದ್ದ ಹೊಲದ ಸಾಲುಗಳು! ಮೇಲೆ ಮಣ್ಣು ಮುಚ್ಚಿದ್ದಕ್ಕೇ ಅವು ಉಳಿದಿದ್ದವು.

ಇಂಥ ಜಾಗಕ್ಕೆ ಹೋದರೆ ದಯವಿಟ್ಟು ಇಳಿಜಾರಿನಲ್ಲಿ ಜಾರಬೇಡಿ, ಸೈಕಲ್ ಓಡಿಸಬೇಡಿ. ಹುಲ್ಲು ಕಿತ್ತುಬಂದರೆ ಮಳೆಗೆ ಮಣ್ಣು ಕೊಚ್ಚಿಹೋಗುತ್ತದೆ, ಅದರ ಜೊತೆ ಕಂಬದ ಗುಳಿಗಳೂ.