ಬೋರಲು ಮಲಗಿಸಿದ್ದು ಲೆಕ್ಕಕ್ಕೇ ಇಲ್ಲವಾ?

ಇವತ್ತು ಡ್ಯೂಟಿ ಮುಗಿಸಿ ಹೊರಟವಳನ್ನು ರೋಗಿಯೊಬ್ಬರ ಕಡೆಯವರು ಐಸಿಯು ಬಾಗಿಲಲ್ಲಿ ತಡೆದು ಕೇಳಿದರು. “ಸಿಸ್ಟರ್, ನಿನ್ನೆಯಿಂದ ಹೊಸ ಔಷಧಿ ಏನೂ ಶುರು ಮಾಡಿಲ್ಲವಂತೆ. ಬರೀ ಹೊರಳಿಸಿ ಮಲಗಿಸ್ತಾ ಇದ್ದೀರಂತೆ. ಟ್ರೀಟ್‌ಮೆಂಟ್ ಯಾವಾಗ ಶುರು ಮಾಡ್ತೀರಿ?” ಅವರ ಮೇಲೆ ನನಗೆ ಒಂದಿಷ್ಟೂ ಸಿಟ್ಟಿಲ್ಲ. ತಮ್ಮವರು ಒಳಗೆ ಬಾಯಿಗೆ ಉಸಿರಾಟದ ಟ್ಯೂಬ್ ಹಾಕಿಸಿಕೊಂಡು ಮಲಗಿರುವಾಗ ಯಾರಾದರೂ ಕೇಳುವ ಪ್ರಶ್ನೆ ಅದು. ಮೈ ಉರಿದದ್ದು ಪಕ್ಕದಲ್ಲಿ ನಿಂತಿದ್ದ ನಮ್ಮ ಕಿರಿಯ ಡಾಕ್ಟರ ಉತ್ತರಕ್ಕೆ. “ಹೌದು, ಸದ್ಯಕ್ಕೆ ಪೊಸಿಷನಿಂಗ್ ಅಷ್ಟೇ” ಅಂದವನೇ ಫೋನ್ ನೋಡುತ್ತಾ ನಡೆದುಬಿಟ್ಟ.

ಅಷ್ಟೇ ಅಂತೆ! ಬೆಳಿಗ್ಗೆ ಆ ‘ಅಷ್ಟೇ’ ಮಾಡುವುದಕ್ಕೆ, ಅಂದರೆ ರೋಗಿಯನ್ನು ಬೋರಲು ಮಲಗಿಸುವುದಕ್ಕೆ, ನಾವು ಆರು ಜನ ಬೇಕಾಯಿತು. ಆ ಡಾಕ್ಟರೂ ಇದ್ದ, ತಲೆಯ ಕಡೆ ಟ್ಯೂಬ್ ಹಿಡಿದುಕೊಂಡು.

ನಾನು ಐಸಿಯುವಿನಲ್ಲಿ ನರ್ಸ್. ನೇರ ವಿಷಯಕ್ಕೆ ಬರ್ತೀನಿ.

ಫ್ಲೂ ಇರಲಿ, ಕೋವಿಡ್ ಇರಲಿ, ವೈರಸ್ ಶ್ವಾಸಕೋಶದ ಆಳಕ್ಕೆ ಇಳಿದು ಗಾಳಿಚೀಲಗಳ ಗೋಡೆ ಹಾಳುಮಾಡಿದರೆ ರಕ್ತನಾಳದಿಂದ ದ್ರವ ಸೋರಿ ಒಳಗೆ ತುಂಬಿಕೊಳ್ಳುತ್ತದೆ. ಶ್ವಾಸಕೋಶ ನೀರು ಕುಡಿದ ಸ್ಪಂಜಿನಷ್ಟು ಭಾರವಾಗುತ್ತದೆ. ಈಗ ಆ ಮನುಷ್ಯನನ್ನು ಅಂಗಾತ ಮಲಗಿಸಿ. ಆ ಭಾರವೆಲ್ಲ ಬೆನ್ನಿನ ಕಡೆಗೆ ಕೂರುತ್ತದೆ. ಹೃದಯವೂ ಹಿಂದಿರುವ ಶ್ವಾಸಕೋಶದ ಮೇಲೆ ಒರಗುತ್ತದೆ. ಹೊಟ್ಟೆಯೊಳಗಿನದ್ದೆಲ್ಲ ವಪೆಯನ್ನು (ಎದೆಗೂ ಹೊಟ್ಟೆಗೂ ನಡುವಿರುವ ಉಸಿರಾಟದ ಸ್ನಾಯು) ಮೇಲಕ್ಕೆ ದೂಡುತ್ತದೆ. ಶ್ವಾಸಕೋಶದ ದೊಡ್ಡ ಪಾಲು ಇರುವುದು ಬೆನ್ನಿನ ಕಡೆಗೇ, ರಕ್ತ ಹೆಚ್ಚು ಹರಿಯುವುದೂ ಅಲ್ಲಿಗೇ. ಅಂದರೆ ರಕ್ತ ಎಲ್ಲಿಗೆ ಹೋಗುತ್ತದೋ ಅಲ್ಲಿ ಗಾಳಿಯಿಲ್ಲ. ಆಕ್ಸಿಜನ್ ಎಷ್ಟೇ ಜಾಸ್ತಿ ಮಾಡಿದರೂ ಮುಚ್ಚಿಹೋದ ಚೀಲಕ್ಕೆ ಅದು ತಲುಪುವುದಾದರೂ ಹೇಗೆ?

ಅದೇ ಮನುಷ್ಯನನ್ನು ಬೋರಲು ಮಾಡಿದರೆ ಹೃದಯ ಎದೆಮೂಳೆಯ ಮೇಲೆ ಕೂರುತ್ತದೆ, ಬೆನ್ನಿನ ಕಡೆಯ ಚೀಲಗಳು ಒಂದೊಂದಾಗಿ ತೆರೆದುಕೊಳ್ಳುತ್ತವೆ. ರಕ್ತ ಮಾತ್ರ ಹಳೇ ದಾರಿ ಬಿಡುವುದಿಲ್ಲ, ಬಹುಪಾಲು ಬೆನ್ನಿನ ಕಡೆಗೇ ಹರಿಯುತ್ತದೆ. ಗಾಳಿಗೂ ರಕ್ತಕ್ಕೂ ಮತ್ತೆ ಭೇಟಿಯಾಗುತ್ತದೆ. ಇನ್ನೂ ದೊಡ್ಡ ಲಾಭ ಬೇರೆಯೇ ಇದೆ. ವೆಂಟಿಲೇಟರ್ ತಳ್ಳುವ ಗಾಳಿ ಎಲ್ಲ ಕಡೆ ಸಮನಾಗಿ ಹಂಚಿಕೆಯಾಗುವುದರಿಂದ, ಮುಂಭಾಗದ ಚೂರುಪಾರು ಒಳ್ಳೆಯ ಚೀಲಗಳು ವಿಪರೀತ ಉಬ್ಬಿ ಹಾಳಾಗುವುದು ತಪ್ಪುತ್ತದೆ. ಇದನ್ನು ಯಾಕೆ ಒತ್ತಿ ಹೇಳುತ್ತಿದ್ದೇನೆ ಅಂದರೆ, ಮಾನಿಟರ್‌ನಲ್ಲಿ ಸ್ಯಾಚುರೇಷನ್ (ರಕ್ತದಲ್ಲಿನ ಆಕ್ಸಿಜನ್ ಮಟ್ಟ) ಏರಲಿಲ್ಲ ಅಂದ ಕೂಡಲೇ “ಕೆಲಸ ಮಾಡ್ತಿಲ್ಲ, ವಾಪಸ್ ತಿರುಗಿಸಿ” ಅನ್ನುವವರು ಪ್ರತಿ ಶಿಫ್ಟಿನಲ್ಲೂ ಒಬ್ಬರು ಇರುತ್ತಾರೆ. ಬೋರಲು ಮಲಗಿ ಬದುಕಿದವರಲ್ಲಿ ಆಕ್ಸಿಜನ್ ಏರಿಕೆ ಎಷ್ಟಿತ್ತು ಅನ್ನುವುದಕ್ಕೂ ಅವರು ಬದುಕಿದ್ದಕ್ಕೂ ನೇರ ಸಂಬಂಧ ಕಾಣಲಿಲ್ಲ ಅಂತ 2014ರಲ್ಲೇ ವಿಶ್ಲೇಷಣೆ ಬಂದಿದೆ. ಓದುವವರು ಯಾರು!

ಇದೇನು ನಿನ್ನೆ ಮೊನ್ನೆ ಹುಟ್ಟಿದ ಐಡಿಯಾನೂ ಅಲ್ಲ. 1976ರಲ್ಲಿ ಪೀಲ್ ಮತ್ತು ಬ್ರೌನ್ ಅನ್ನುವವರು 5 ರೋಗಿಗಳನ್ನು ಬೋರಲು ಮಲಗಿಸಿ ಆಕ್ಸಿಜನ್ ಏರಿದ್ದನ್ನು ಬರೆದರು. 2001ರಲ್ಲಿ ಇಟಲಿಯ ಗಟ್ಟಿನೋನಿ ತಂಡ 304 ರೋಗಿಗಳಲ್ಲಿ ನೋಡಿತು. ದಿನಕ್ಕೆ ಸರಾಸರಿ 7 ಗಂಟೆ ಮಲಗಿಸಿದ್ದರು. ಆಕ್ಸಿಜನ್ ಏರಿತು, ಸಾವು ತಗ್ಗಲಿಲ್ಲ. ಅಲ್ಲಿಗೆ ತುಂಬಾ ಜನ ಇದರ ಕಥೆ ಮುಗೀತು ಅಂದುಕೊಂಡರು. ಕಥೆ ಮುಗಿಯದಂತೆ ನೋಡಿಕೊಂಡವರು ಫ್ರಾನ್ಸಿನ ಕ್ಲೋಡ್ ಗೆರಾನ್ ಮತ್ತು ಅವರ ಜೊತೆಗಾರರು. 2013ರ ಅವರ ಪ್ರೊಸೇವಾ ಅಧ್ಯಯನದಲ್ಲಿ ಇದ್ದವರು 466 ರೋಗಿಗಳು. ಎಲ್ಲರೂ ತೀವ್ರ ಎಆರ್‌ಡಿಎಸ್ (ಮೇಲೆ ಹೇಳಿದ ಹಾಗೆ ಶ್ವಾಸಕೋಶದಲ್ಲಿ ದ್ರವ ತುಂಬಿ ಉಸಿರಾಟ ಸೋಲುವ ಸ್ಥಿತಿ) ಆಗಿ ವೆಂಟಿಲೇಟರ್ ಮೇಲಿದ್ದವರೇ. ಒಮ್ಮೆ ಬೋರಲು ಮಾಡಿದರೆ ಕನಿಷ್ಠ 16 ಗಂಟೆ ಹಾಗೆಯೇ. 28 ದಿನದ ಹೊತ್ತಿಗೆ ಅಂಗಾತ ಮಲಗಿದವರಲ್ಲಿ ತೀರಿಕೊಂಡವರು ಶೇ. 32.8, ಬೋರಲು ಮಲಗಿದವರಲ್ಲಿ ಶೇ. 16.

ಇನ್ನೊಂದ್ಸಲ ಓದಿ. ಅರ್ಧಕ್ಕರ್ಧ. ಇದೇ ಫಲಿತಾಂಶ ಯಾವುದೋ ಇಂಜೆಕ್ಷನ್ ಕೊಟ್ಟಿದ್ದರೆ ಅದಕ್ಕೆ ಪಂಚತಾರಾ ಹೋಟೆಲಿನಲ್ಲಿ ಸಮ್ಮೇಳನ ಆಗ್ತಿತ್ತು, ನಮ್ಮ ಕಿರಿಯ ಡಾಕ್ಟರ ಜೇಬಿನಲ್ಲಿ ಅದರ ಹೆಸರಿರುವ ಪೆನ್ ಇರ್ತಿತ್ತು. ದಿಂಬು, ಬೆಡ್‌ಶೀಟು, ಆರು ಜನರ ತೋಳು ಇದಕ್ಕೆಲ್ಲ ಯಾವ ಕಂಪನಿ ಪೆನ್ ಹಂಚುತ್ತೆ?

ಇದು ನನ್ನೊಬ್ಬಳ ಹೊಟ್ಟೆಯುರಿ ಅಂದುಕೊಳ್ಳಬೇಡಿ. 2014ರಲ್ಲಿ, ಅಂದರೆ ಆ ಫಲಿತಾಂಶ ಬಂದು ವರ್ಷ ಕಳೆಯುವಷ್ಟರಲ್ಲಿ, 50 ದೇಶಗಳ 459 ಐಸಿಯುಗಳನ್ನು ಸಮೀಕ್ಷೆ ಮಾಡಿದ್ದರು. ತೀವ್ರ ಎಆರ್‌ಡಿಎಸ್ ಇದ್ದವರಲ್ಲಿ ಬೋರಲು ಮಲಗುವ ಭಾಗ್ಯ ಸಿಕ್ಕಿದ್ದು ಶೇ. 16.3 ಜನರಿಗೆ. ಉಳಿದವರು ಅಂಗಾತವೇ. ಜನ ಸಾಲದು, ಭಯ, “ಇನ್ನೂ ಅಷ್ಟು ಸೀರಿಯಸ್ ಆಗಿಲ್ಲ” ಹೀಗೆ ನೆಪಗಳಿಗೇನೂ ಬರವಿಲ್ಲ.

ಭಯ ಮಾತ್ರ ನಿಜ, ಅದನ್ನು ನೆಪ ಅನ್ನಲಾರೆ. ಒಬ್ಬರನ್ನು ಬೋರಲು ಮಾಡುವುದು ಅಂದರೆ ಏನು ಗೊತ್ತಾ? ಮೊದಲು ಮೂಗಿನ ನಳಿಕೆಯಲ್ಲಿ ಹೋಗುತ್ತಿರುವ ಫೀಡ್ ನಿಲ್ಲಿಸಿ ಹೊಟ್ಟೆ ಖಾಲಿ ಮಾಡಬೇಕು. ಕಣ್ಣಿಗೆ ಮುಲಾಮು ಹಚ್ಚಿ ರೆಪ್ಪೆ ಮುಚ್ಚಿ ಟೇಪ್ ಹಾಕಬೇಕು. ಎದೆ ಮೇಲಿನ ಇಸಿಜಿ ಸ್ಟಿಕ್ಕರ್ ಕಿತ್ತು ಆಮೇಲೆ ಬೆನ್ನಿಗೆ ಅಂಟಿಸಬೇಕು. ಕುತ್ತಿಗೆಯ ರಕ್ತನಾಳಕ್ಕೆ ಹಾಕಿದ ಲೈನು, ಯೂರಿನ್ ಬ್ಯಾಗು, ಎದೆಗೆ ಡ್ರೈನ್ ಇದ್ದರೆ ಅದು, ಪ್ರತಿಯೊಂದೂ ಯಾವ ಕಡೆಯಿಂದ ಯಾವ ಕಡೆಗೆ ಹೋಗಬೇಕು ಅಂತ ಮೊದಲೇ ಬಾಯಿಬಿಟ್ಟು ಹೇಳಿಕೊಳ್ಳಬೇಕು. ಎದೆಗೂ ಸೊಂಟಕ್ಕೂ ದಿಂಬಿಟ್ಟು ಮೇಲೊಂದು ಶೀಟು ಹೊದಿಸಿ, ಕೆಳಗಿನ ಶೀಟಿನ ಅಂಚಿನ ಜೊತೆ ಸೇರಿಸಿ ಬಿಗಿಯಾಗಿ ಸುತ್ತಬೇಕು. ತಲೆಯ ಕಡೆ ನಿಂತವರು ಟ್ಯೂಬ್ ಹಿಡಿದು ಎಣಿಸುತ್ತಾರೆ, ಅವರ ಮಾತೇ ಅಂತಿಮ. ಹಾಸಿಗೆಯ ಒಂದು ಅಂಚಿಗೆ ಸರಿಸು, ಮಗ್ಗುಲಾಗಿಸು, ನಿಲ್ಲಿಸು, ನೋಡು, ಪೂರ್ತಿ ತಿರುಗಿಸು.

ಇಷ್ಟು ವರ್ಷ ಆದ ಮೇಲೂ, ಆ ಮೈ ಮಗ್ಗುಲಲ್ಲಿ ನಿಂತ ಒಂದೆರಡು ಸೆಕೆಂಡು ನನ್ನ ಬಾಯಿ ಒಣಗುತ್ತೆ. ಟ್ಯೂಬ್ ಜಾರಿದರೆ ಅನ್ನುವ ಯೋಚನೆ ಬಂದರೆ ಕೈ ತಣ್ಣಗಾಗುತ್ತೆ. ಜೊತೆಗಿರುವ ಹೊಸ ಹುಡುಗಿಯರ ಎದುರು ಇದನ್ನು ತೋರಿಸಿಕೊಳ್ಳೋದಿಲ್ಲ, ಇಲ್ಲಿ ಬರೀತಿದ್ದೀನಿ.

ತಿರುಗಿಸಿದ ಮೇಲೆ ಕೆಲಸ ಮುಗಿಯಿತಾ? ಒಂದು ತೋಳು ತಲೆಯ ಪಕ್ಕ ಮೇಲಕ್ಕೆ, ಇನ್ನೊಂದು ದೇಹದ ಪಕ್ಕ ಕೆಳಗೆ, ಮುಖ ಮೇಲಿರುವ ತೋಳಿನ ಕಡೆಗೆ. ಕೆಲವು ಗಂಟೆಗೊಮ್ಮೆ ಅದನ್ನು ಅದಲುಬದಲು ಮಾಡುತ್ತಲೇ ಇರಬೇಕು. ಇಲ್ಲದಿದ್ದರೆ ಭುಜದ ನರಕ್ಕೆ ಪೆಟ್ಟಾಗಿ, ಬದುಕಿ ಮನೆಗೆ ಹೋದವರಿಗೆ ಕೈ ಎತ್ತಲಾಗುವುದಿಲ್ಲ. ಗಲ್ಲ, ಕೆನ್ನೆ, ಕಿವಿಯ ಅಂಚು, ಎದೆ, ಮೊಣಕಾಲು ಎಲ್ಲೆಲ್ಲಿ ಒತ್ತುತ್ತದೋ ಅಲ್ಲೆಲ್ಲ ಹುಣ್ಣಾಗುವ ಅಪಾಯ. ಕಿವಿ ಮಡಚಿಕೊಂಡಿದೆಯಾ ಅಂತ ನೋಡುವುದೂ ಐಸಿಯು ಚಿಕಿತ್ಸೆಯೇ ಸ್ವಾಮಿ. ಪ್ರೊಸೇವಾದ ಐಸಿಯುಗಳು ಈ ಕೆಲಸದಲ್ಲಿ 5 ವರ್ಷಕ್ಕೂ ಹೆಚ್ಚು ಕಾಲ ಕೈ ಪಳಗಿದ ಜಾಗಗಳು ಅನ್ನುವುದನ್ನು ಆ ಶೇ. 16ರ ಸಾವಿನ ಲೆಕ್ಕದ ಜೊತೆಗೇ ಓದಬೇಕು.

ಇನ್ನು ವೆಂಟಿಲೇಟರ್ ಇಲ್ಲದೆ, ಎಚ್ಚರವಾಗಿ, ಮಾಸ್ಕ್‌ನಲ್ಲೋ ಮೂಗಿಗೆ ಜೋರಾಗಿ ಹರಿಸುವ ‘ಹೈ ಫ್ಲೋ’ ನಳಿಕೆಯಲ್ಲೋ ಆಕ್ಸಿಜನ್ ತಗೊಳ್ಳುತ್ತಿರುವವರ ವಿಷಯ. ಇಲ್ಲಿ ಒಬ್ಬರು ಖಂಡಿತ ಕಾಮೆಂಟ್ ಹಾಕ್ತಾರೆ: “ಮೇಡಂ, ಎಚ್ಚರವಿರುವವರಲ್ಲಿ ಇದು ಸಾಬೀತಾಗಿಲ್ಲ.” ಅವರ ಕೈಯಲ್ಲಿರುವುದು 2022ರ 400 ಕೋವಿಡ್ ರೋಗಿಗಳ ಅಧ್ಯಯನ. ಬೋರಲು ಮಲಗಿದವರಲ್ಲಿ ಟ್ಯೂಬ್ ಹಾಕಬೇಕಾಗಿ ಬಂದದ್ದು ಶೇ. 34.1, ಮಾಮೂಲಿಯಾಗಿ ಮಲಗಿದವರಲ್ಲಿ ಶೇ. 40.5. ಅಂಕಿಅಂಶದ ಲೆಕ್ಕದಲ್ಲಿ ಈ ವ್ಯತ್ಯಾಸ ನಿಲ್ಲಲಿಲ್ಲ. ಒಪ್ಪಿದೆ. ಆದರೆ ಅದಕ್ಕೂ ಮೊದಲು, 2021ರಲ್ಲಿ, 6 ದೇಶಗಳ ಸಾವಿರಕ್ಕೂ ಹೆಚ್ಚು ರೋಗಿಗಳಲ್ಲಿ ಟ್ಯೂಬ್ ಅಥವಾ ಸಾವು ಎರಡನ್ನೂ ಸೇರಿಸಿ ನೋಡಿದಾಗ ಶೇ. 46 ಇದ್ದದ್ದು ಶೇ. 40ಕ್ಕೆ ಇಳಿದಿತ್ತು. ಸಾವೊಂದನ್ನೇ ತಗೊಂಡರೆ ಅಲ್ಲೂ ಸ್ಪಷ್ಟ ವ್ಯತ್ಯಾಸ ಇರಲಿಲ್ಲ, ಅದನ್ನೂ ನಾನೇ ಹೇಳಿಬಿಡ್ತೀನಿ, ನೀವು ಶ್ರಮ ತಗೋಬೇಡಿ.

ನನ್ನ ತಕರಾರು ಇಷ್ಟು. ಆ 400 ಜನರ ಅಧ್ಯಯನದಲ್ಲಿ ಗುರಿ ಇದ್ದದ್ದು ದಿನಕ್ಕೆ 8ರಿಂದ 10 ಗಂಟೆ, ಮೊದಲ ನಾಲ್ಕು ದಿನ ರೋಗಿಗಳು ನಿಜವಾಗಿ ಮಲಗಿದ್ದು ಐದು ಗಂಟೆಯ ಆಸುಪಾಸು. ಇನ್ನೊಂದು ಅಧ್ಯಯನದಲ್ಲಿ 8 ಗಂಟೆ ದಾಟಿದವರು ಚೆನ್ನಾಗಿಯೇ ಇದ್ದರು. ಅಷ್ಟು ಹೊತ್ತು ಮಲಗಬಲ್ಲವರು ಮೊದಲೇ ಗಟ್ಟಿಗರಿರಬಹುದು ಅನ್ನುತ್ತೀರಾ? ಇರಬಹುದು. ಆದರೆ ಉಳಿದವರು ಯಾಕೆ ಮಲಗಲಿಲ್ಲ ಅಂತ ಯಾರಾದರೂ ಕೇಳಿದ್ದೀರಾ? ನಾನು ಹೇಳ್ತೀನಿ. ಬೆಳಗಿನ ರೌಂಡ್ಸಿನಲ್ಲಿ “ಬೋರಲು ಮಲಗಿ ಆಯ್ತಾ” ಅಂದು ಮುಂದಿನ ಬೆಡ್ಡಿಗೆ ಹೋಗಿಬಿಡ್ತಾರೆ. ಮಾಸ್ಕ್ ಮುಖಕ್ಕೆ ಒತ್ತುತ್ತೆ, ಕುತ್ತಿಗೆ ಹಿಡಿಯುತ್ತೆ, ಆಕ್ಸಿಜನ್ ಪೈಪು ಗಿಡ್ಡ, ಸಿಸ್ಟರನ್ನು ಕರೆಯುವ ಬೆಲ್ಲು ಬೆನ್ನ ಹಿಂದೆ ಉಳಿದುಬಿಟ್ಟಿರುತ್ತೆ. ಉಸಿರಿಗಾಗಿ ಒದ್ದಾಡುವ ಮನುಷ್ಯ ಮುಖ ಕೆಳಗೆ ಹಾಕಿ, ಯಾರೂ ಕಾಣಿಸದ ಕಡೆ ನೋಡಿಕೊಂಡು ಎಷ್ಟು ಹೊತ್ತು ಮಲಗಬೇಕು? ಕುತ್ತಿಗೆ ಕೆಳಗೊಂದು ದಿಂಬು, ಎದೆಯಿಂದ ತೊಡೆಯವರೆಗೆ ಒಂದೆರಡು, ಮೊಣಕಾಲಿನ ಕೆಳಗೆ ಕಾಲಿಗೆ ಎರಡು ಕೊಡಿ. ಬೆಲ್ಲು, ಮೊಬೈಲು ಕೈಗೆ ಸಿಗುವ ಹಾಗಿಡಿ. ಸಾಕಾಯ್ತು ಅಂದರೆ ಬಲ ಮಗ್ಗುಲು, ಆಮೇಲೆ ಎತ್ತಿ ಕೂರಿಸಿ, ಆಮೇಲೆ ಎಡ ಮಗ್ಗುಲು, ಮತ್ತೆ ಬೋರಲು. ಊಟ ಆದ ತಕ್ಷಣ ಬೇಡ. ಮೊದಲ ಹದಿನೈದು ನಿಮಿಷ ಪಕ್ಕದಲ್ಲಿ ಯಾರಾದರೂ ಇರಿ. ಇಷ್ಟು ಮಾಡಿ ನೋಡಿ ಆಮೇಲೆ “ಸಾಬೀತಾಗಿಲ್ಲ” ಅನ್ನಿ.

ಹಾಗಂತ ಬೋರಲು ಮಲಗಿಸಿ ಸ್ಯಾಚುರೇಷನ್ 95 ಬಂತು ಅಂತ ಚಪ್ಪಾಳೆ ಹೊಡೆದು ಕೂರುವವರನ್ನೂ ನಾನು ಸಹಿಸುವುದಿಲ್ಲ. ಉಸಿರಿನ ವೇಗ ಏರುತ್ತಲೇ ಇದೆ, ಕುತ್ತಿಗೆಯ ಸ್ನಾಯು ಎಳೀತಾ ಇದೆ, ಮಾತು ತೊದಲ್ತಾ ಇದೆ ಅಂದರೆ ಟ್ಯೂಬ್ ಹಾಕುವ ಹೊತ್ತು ಬಂದಿದೆ. ದಿಂಬು ಅದನ್ನು ಮುಂದೂಡುವ ಸಾಧನ ಆಗಬಾರದು.

ಬೋರಲು ಬೇಡದವರ ಕಥೆ ಇನ್ನೂ ಕಡೆ. ತಲೆಯ ಕಡೆ 45 ಡಿಗ್ರಿ ಎತ್ತಿ ಅಂತ ಬರೆದಿರ್ತಾರೆ. ಹಾಸಿಗೆ 45ರಲ್ಲೇ ಇರುತ್ತೆ, ರೋಗಿ ಮಾತ್ರ ಜಾರಿ ಜಾರಿ ಕಾಲ ಕಡೆಗೆ ಹೋಗಿ, ಎದೆಯ ಹತ್ತಿರ ಮಡಚಿ, ಹೊಟ್ಟೆ ಮೇಲಕ್ಕೆ ಒತ್ತಿಕೊಂಡಿರುತ್ತೆ. ಚಾರ್ಟಿನಲ್ಲಿ ‘45’ ಅಂತ ಟಿಕ್. ಸೊಂಟ ಹಾಸಿಗೆ ಮಡಚುವ ಜಾಗಕ್ಕೆ ಬರುವ ಹಾಗೆ ಇಬ್ಬರು ಸೇರಿ ಮೇಲೆಳೆದರೆ, ಉಸಿರು ಎಷ್ಟು ಸಲೀಸಾಗುತ್ತೆ ಅಂತ ಮುಖದಲ್ಲೇ ಕಾಣುತ್ತೆ. ಇದಕ್ಕೆ ಯಾವ ಅಧ್ಯಯನದ ಹೆಸರೂ ಬೇಡ, ಕಣ್ಣಿದ್ದರೆ ಸಾಕು.

ಎಳೆ ಮಕ್ಕಳ ವಿಷಯ ಹೇಳದೆ ಮುಗಿಸಿದರೆ ನಾಳೆ ಯಾರಾದರೂ ಈ ಪೋಸ್ಟ್ ಫಾರ್ವರ್ಡ್ ಮಾಡಿ ಅನಾಹುತ ಮಾಡ್ತಾರೆ. ಆರ್‌ಎಸ್‌ವಿಯಂಥ ವೈರಸ್‌ನಿಂದ ಉಸಿರಾಟ ಕಟ್ಟಿದ ಕೂಸುಗಳನ್ನು ಆಸ್ಪತ್ರೆಯಲ್ಲಿ ಕೆಲವೊಮ್ಮೆ ಬೋರಲು ಮಲಗಿಸ್ತಾರೆ. ಆಕ್ಸಿಜನ್ ಸ್ವಲ್ಪ ಸುಧಾರಿಸುತ್ತೆ, ಅದೂ ಹೆಚ್ಚಾಗಿ ವೆಂಟಿಲೇಟರ್ ಮೇಲಿರುವ ಮಕ್ಕಳಲ್ಲಿ. ಹೃದಯಬಡಿತ, ಉಸಿರು ಎರಡನ್ನೂ ಮಾನಿಟರ್ ಬಿಡದೆ ನೋಡುತ್ತಿದ್ದರೆ ಮಾತ್ರ ಅದು ಸರಿ. ಮನೆಯಲ್ಲಿ ಕೂಸು ನಿದ್ದೆ ಮಾಡಬೇಕಾದ್ದು ಅಂಗಾತವೇ. ಅಮೆರಿಕದಲ್ಲಿ 1994ರಲ್ಲಿ ಅಂಗಾತ ಮಲಗಿಸಿ ಅಂತ ಅಭಿಯಾನ ಶುರುವಾದ ನಂತರದ ವರ್ಷಗಳಲ್ಲಿ ತೊಟ್ಟಿಲ ಮಕ್ಕಳ ಹಠಾತ್ ಸಾವು ಅರ್ಧದಷ್ಟು ತಗ್ಗಿತು. ದಯವಿಟ್ಟು ಮನೆಯಲ್ಲಿ ಪ್ರಯೋಗ ಬೇಡ.

ಅಂದಹಾಗೆ, ಬಾಗಿಲಲ್ಲಿ ಕೇಳಿದವರಿಗೆ ನಿಂತು ಎಲ್ಲ ವಿವರಿಸಿ ಬಂದೆ. ಕಿರಿಯ ಡಾಕ್ಟರಿಗೆ ನಾಳೆ ಇದೆ. ಡಿಸ್ಚಾರ್ಜ್ ಸಮರಿಯಲ್ಲಿ ಬೋರಲು ಮಲಗಿಸಿದ ಗಂಟೆಗಳಿಗೆ ಒಂದು ಕಾಲಂ ಹಾಕಿ ಅಂತ ಎಷ್ಟೋ ಸಲ ಕೇಳಿದ್ದೀನಿ, ಫಾರ್ಮಿನಲ್ಲಿ ಜಾಗ ಇಲ್ಲವಂತೆ. ಅದೇ ಫಾರ್ಮಿನಲ್ಲಿ ರೋಗಿಯ ಕನ್ನಡಕ, ಚಪ್ಪಲಿ ಬರೆಯೋಕೆ ಎರಡು ಸಾಲು ಖಾಲಿ ಬಿಟ್ಟಿದ್ದಾರೆ. ಇನ್ಮೇಲೆ ಅಲ್ಲೇ ಬರೀತೀನಿ, ಯಾರು ಬೈತಾರೋ ಬೈಲಿ.