ಜೂನ್‌ನಿಂದ ನಿಂತಿರುವ ಗಾಡಿ

ನಮ್ಮೂರ ರಸ್ತೆಗೆ ಬುದ್ಧಿ ಬಂದಿದೆ. ಏಪ್ರಿಲ್‌ನಲ್ಲಿ ನಾಲ್ಕು ಜನ ಬಂದು, ಕೊಡಗಿನ ಸಿದ್ದಾಪುರದ ಕಡೆ ಹೋಗುವ ತಿರುವಿನಲ್ಲಿ ಡಾಂಬರನ್ನು ಚೌಕವಾಗಿ ಕೊಯ್ದರು. ಸೀಳಿನೊಳಗೆ ತಂತಿಯನ್ನು ಮೂರ್ನಾಲ್ಕು ಸುತ್ತು ಕೂರಿಸಿ ಮೇಲೆ ಕಪ್ಪು ಅಂಟು ಸುರಿದರು. ಪಕ್ಕದಲ್ಲೇ, ಗೇಣು ದೂರದಲ್ಲಿ ಒಂದು ಗುಂಡಿ ಇತ್ತು. ಅದನ್ನು ಮುಟ್ಟಲಿಲ್ಲ.

"ಅದು ಬೇರೆ ಟೆಂಡರ್ ಸಾರ್."

ಪಕ್ಕದ ತೋಟದ ಮಾವನಿಗೆ ಇಂಜಿನಿಯರ್ ಹುಡುಗ ಚೆನ್ನಾಗಿಯೇ ವಿವರಿಸಿದ. ತಂತಿಯಲ್ಲಿ ಕರೆಂಟ್ ಆಚೀಚೆ ತುಯ್ದಾಡುತ್ತಿರುತ್ತದೆ. ಮೇಲೆ ಕಬ್ಬಿಣದ ಗಾಡಿ ಬಂದರೆ ಆ ತುಯ್ತದ ವೇಗ ಬದಲಾಗುತ್ತದೆ, ತಂತಿಗೆ ಜೋಡಿಸಿದ ಪೆಟ್ಟಿಗೆ ಅದನ್ನು ಒಂದು ಗಾಡಿ ಎಂದು ಎಣಿಸುತ್ತದೆ. ನೆಲಕ್ಕೆ ತಾಗುವಂತಿರುವ ಕಾರು ಬರೆಯುವ ಗೆರೆಯೇ ಬೇರೆ, ಮರ ಸಾಗಿಸುವ ಎತ್ತರದ ಲಾರಿ ಬರೆಯುವ ಗೆರೆಯೇ ಬೇರೆ. ಅಮೆರಿಕದ ಸಿಗ್ನಲ್‌ಗಳಲ್ಲಿ 1960ರ ದಶಕದಿಂದ ಇದೇ ಉಪಾಯವಂತೆ.

"ಆನೆ ಬಂದರೆ?" ಮಾವ ಕೇಳಿದರು.

"ಆನೆ ಕಬ್ಬಿಣ ಅಲ್ವಲ್ಲ ಸಾರ್."

ಸರಿ. ರಾತ್ರಿ ಎಂಟು ಆನೆ ಸಾಲಾಗಿ ದಾಟಿ ಮಾವನ ಬಾಳೆ ಮುಗಿಸಿದವು. ಪೆಟ್ಟಿಗೆಯ ಲೆಕ್ಕದಲ್ಲಿ ಸಂಚಾರ ಸೊನ್ನೆ. ಹಗಲೂ ಹೆಚ್ಚುಕಡಿಮೆ ಅಷ್ಟೇ. ಗುಂಡಿ ತಪ್ಪಿಸಲು ಊರಿನ ಜೀಪು, ಪಿಕ್‌ಅಪ್ ಎಲ್ಲಾ ಎಡಗಡೆ ಮಣ್ಣಿಗಿಳಿದೇ ಹೋಗುತ್ತವೆ. ತಂತಿಯ ಮೇಲೆ ಹೋಗುವವರು ವೀಕೆಂಡ್‌ಗೆ ಬರುವ ಹೊಸಬರು ಮಾತ್ರ. ವರದಿ ಓದಿದವರಿಗೆ, ಕೊಡಗಿನಲ್ಲಿ ಮನುಷ್ಯರಿರುವುದು ಶನಿವಾರ, ಭಾನುವಾರ ಮಾತ್ರ ಅನಿಸಬೇಕು.

2018ರ ಆಗಸ್ಟ್‌ನಲ್ಲಿ ಜೋಡುಪಾಲದ ಹತ್ತಿರ ಹೆದ್ದಾರಿಯೇ ಗುಡ್ಡದ ಮಣ್ಣಿನ ಜೊತೆ ಹೋದ ಜಿಲ್ಲೆ ಇದು. ರಸ್ತೆ ಮೇಲೆ ಏನಿದೆ ಅನ್ನುವುದು ಆಮೇಲೆ. ರಸ್ತೆ ಇದೆಯಾ ಅಂತ ಹೇಳುವ ಸೆನ್ಸರ್ ಮೊದಲು ಬೇಕಿತ್ತು, ಅಲ್ವಾ?

ಜೂನ್‌ನಲ್ಲಿ ಮಳೆ ಹಿಡಿಯಿತು. ಗುಂಡಿ ಬೆಳೆದು ತಂತಿಯ ಅಂಚು ಮುಟ್ಟಿತು, ಅಂಟು ಎದ್ದಿತು, ನೀರು ಒಳಗಿಳಿಯಿತು. ಪೆಟ್ಟಿಗೆಗೆ ತಲೆ ಕೆಟ್ಟು, ಮೇಲೊಂದು ಗಾಡಿ ನಿಂತೇ ಇದೆ ಎಂದು ಹಟ ಹಿಡಿಯಿತು. ಒಂದು ದಿನ, ಒಂದು ವಾರ, ಒಂದು ತಿಂಗಳು. ಕೊನೆಗೆ ಪಂಚಾಯಿತಿ ಗೋಡೆಗೆ ನೋಟಿಸ್ ಬಿತ್ತು: ರಸ್ತೆಗೆ ಅಡ್ಡವಾಗಿ ನಿಲ್ಲಿಸಿರುವ ವಾಹನವನ್ನು ಮಾಲೀಕರು ಕೂಡಲೇ ತೆರವುಗೊಳಿಸತಕ್ಕದ್ದು. ಮಾವ ಸುಮ್ನೆ ಇರಲಾರದೆ ಹೋಗಿ, ಅಲ್ಲಿ ಗಾಡಿಯೇ ಇಲ್ಲ ಎಂದರು. ಕಂಪ್ಯೂಟರ್‌ನಲ್ಲಿ ಇದೆಯಲ್ಲ ಎಂಬ ಉತ್ತರ ಬಂತು.

ಮೊನ್ನೆ ಅದನ್ನು ಎಳೆದೊಯ್ಯಲು ಟೋಯಿಂಗ್ ಲಾರಿ ಬಂತು. ಮಾವ ಕೊಡೆ ಹಿಡಿದು ಗೇಟಿನಿಂದಲೇ ಕೂಗಿದರು, "ಎಡಕ್ಕೆ ಇಳಿಸಿ, ಎಡಕ್ಕೆ!" ಡ್ರೈವರ್ ಹೊಸಬ, ನೇರ ಬಂದ. ಮುಂದಿನ ಚಕ್ರ ಗುಂಡಿಗಿಳಿದು ಆಕ್ಸಲ್ ಮುರಿಯಿತು.

ಈಗ ಲೆಕ್ಕ ಸರಿ ಹೋಗಿದೆ.