ಫ್ಯಾಕ್ಟರಿ ಮುಚ್ಚಿದ ಮೇಲೂ ಉಳಿದ ತಂಡ

ದೇಶದ ಮೊಟ್ಟಮೊದಲ ಫೆಡರೇಷನ್ ಕಪ್ ಫುಟ್‌ಬಾಲ್ ಗೆದ್ದವರು ಯಾರು ಗೊತ್ತಾ? ಬೆಂಗಳೂರಿನ ಐಟಿಐ. ದೂರವಾಣಿನಗರದಲ್ಲಿ ಟೆಲಿಫೋನ್ ತಯಾರಿಸುತ್ತಿದ್ದ ಕಂಪನಿಯ ತಂಡ. 1977ರ ಫೈನಲ್‌ನಲ್ಲಿ ಮೋಹನ್ ಬಾಗಾನ್‌ನಂಥ ತಂಡವನ್ನೇ 1-0 ಗೋಲಿನಿಂದ ಸೋಲಿಸಿದವರು. ಬರ್ಲಿನ್‌ನಲ್ಲಿ ಸಿಗುವ ಕನ್ನಡಿಗ ಗೆಳೆಯರಿಗೆ ಈ ಪ್ರಶ್ನೆ ಹಾಕಿದರೆ ಮುಖ ಮುಖ ನೋಡುತ್ತಾರೆ. ಅವರ ತಪ್ಪೇನಿಲ್ಲ ಬಿಡಿ. ಫೋನ್ ವ್ಯಾಪಾರದಲ್ಲಿ ಕಾಲ ಬದಲಾಯಿತು, ಕಂಪನಿ ಸೊರಗಿತು, ತಂಡವೂ ಕಣ್ಮರೆಯಾಯಿತು. ಬೆಂಗಳೂರಿನದೇ ಇನ್ನೊಂದು ಕಂಪನಿ ತಂಡ ಎಚ್‌ಎಎಲ್ ಇನ್ನೂ ಸ್ವಲ್ಪ ವರ್ಷ ತಳ್ಳಿತು. 2012ರಲ್ಲಿ ದೇಶದ ಆಗಿನ ಅಗ್ರ ಲೀಗ್ ಆಗಿದ್ದ ಐ-ಲೀಗ್‌ನಿಂದ ಕೆಳಗಿಳಿದ ಮೇಲೆ ಅದರ ಸುದ್ದಿಯೂ ಕಡಿಮೆಯಾಯಿತು.

ನಾನಿರುವ ಊರಿನ ಪೂರ್ವದ ಅಂಚಿನಲ್ಲೂ ಫ್ಯಾಕ್ಟರಿ ಬಡಾವಣೆಯ ಒಂದು ತಂಡ ಇದೆ. ಯೂನಿಯನ್ ಬರ್ಲಿನ್. ಇದರ ಬೇರು 1906ರಲ್ಲಿ, ಓಬರ್‌ಶೋನೆವೈಡೆ ಅನ್ನೋ ಕಾರ್ಖಾನೆ ಬಡಾವಣೆಯಲ್ಲಿ. ಕೇಬಲ್ ಕಾರ್ಖಾನೆ, ಲೋಹದ ಕೆಲಸ, ಮೂರು ಪಾಳಿ. ಇವತ್ತಿಗೂ ಅಭಿಮಾನಿಗಳ ಘೋಷಣೆ 'ಐಸರ್ನ್ ಯೂನಿಯನ್', ಅಂದರೆ ಕಬ್ಬಿಣದ ಯೂನಿಯನ್. ಎರಡನೇ ಮಹಾಯುದ್ಧ ಮುಗಿದ ಮೇಲೆ ಈ ಬಡಾವಣೆ ಕಮ್ಯುನಿಸ್ಟ್ ಪಾಲಿಗೆ ಬಂತು. 1950ರಲ್ಲಿ ತಂಡ ಜರ್ಮನ್ ಚಾಂಪಿಯನ್‌ಶಿಪ್‌ಗೆ ಅರ್ಹತೆ ಪಡೆಯಿತು. ಪಶ್ಚಿಮಕ್ಕೆ ಹೋಗಿ ಆಡಲು ಸರ್ಕಾರ ಅನುಮತಿ ಕೊಡಲಿಲ್ಲ. ಆಟಗಾರರು ಹಾಗೇ ಹೊರಟುಹೋದರು, ಹ್ಯಾಂಬರ್ಗ್ ಎದುರು 0-7 ಸೋತರು. ಬಹುತೇಕರು ವಾಪಸ್ ಬರಲೇ ಇಲ್ಲ. ಪಶ್ಚಿಮ ಬರ್ಲಿನ್‌ನಲ್ಲೇ ಇನ್ನೊಂದು ಕ್ಲಬ್ ಕಟ್ಟಿಕೊಂಡರು.

ಪೂರ್ವದಲ್ಲಿ ಉಳಿದದ್ದು ಹಲವು ಹೆಸರು ಬದಲಿಸಿ, 1966ರ ಜನವರಿಯಲ್ಲಿ ಈಗಿನ ಹೆಸರು ಪಡೆಯಿತು. ಎರಡೇ ವರ್ಷಕ್ಕೆ, ಬಲಾಢ್ಯ ಕಾರ್ಲ್ ಝೈಸ್ ಯೇನಾ ತಂಡವನ್ನು 2-1ರಿಂದ ಸೋಲಿಸಿ ಪೂರ್ವ ಜರ್ಮನಿಯ ಕಪ್ ಗೆದ್ದಿತು. ಯುರೋಪಿನ ಟೂರ್ನಿಗೆ ಹೋಗಬೇಕು, ಅಷ್ಟರಲ್ಲಿ ಸೋವಿಯತ್ ಟ್ಯಾಂಕುಗಳು ಪ್ರಾಗ್‌ಗೆ ನುಗ್ಗಿದವು. ಪೂರ್ವದ ದೇಶಗಳ ತಂಡಗಳು ಟೂರ್ನಿಯಿಂದಲೇ ಹಿಂದೆ ಸರಿದವು. ಮುಂದೆ ಯೂನಿಯನ್‌ಗೆ ಯುರೋಪ್ ಬಾಗಿಲು ತೆರೆದದ್ದು 2001ರಲ್ಲಿ.

ಅದೇ ಊರಿನ ಎದುರಾಳಿ ಡೈನಮೊ. ಅದರ ಬೆನ್ನಿಗೆ ನಿಂತಿದ್ದವನು ರಹಸ್ಯ ಪೊಲೀಸ್ ಮುಖ್ಯಸ್ಥ ಎರಿಕ್ ಮೀಲ್ಕೆ. 1979ರಿಂದ 1988ರವರೆಗೆ ಸತತ 10 ಸಲ ಡೈನಮೊ ಲೀಗ್ ಗೆದ್ದಿತು. ಯೂನಿಯನ್ ಮೇಲೆ ಕೆಳಗೆ ಹತ್ತಿ ಇಳಿಯುತ್ತಿತ್ತು. ಫ್ರೀ ಕಿಕ್‌ಗೆ ಎದುರಾಳಿಗಳು ಅಡ್ಡಗಟ್ಟಿ ನಿಂತಾಗ ಇವರ ಅಭಿಮಾನಿಗಳು 'ಗೋಡೆ ಹೋಗಬೇಕು' ಅಂತ ಕೂಗುತ್ತಿದ್ದರಂತೆ. ಯಾವ ಗೋಡೆ ಅಂತ ಬರ್ಲಿನ್‌ನಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ. ಹಾಗಂತ ಮೈದಾನಕ್ಕೆ ಬಂದವರೆಲ್ಲ ಕ್ರಾಂತಿಕಾರಿಗಳು ಅನ್ನೋದು ಈಚೆಗೆ ಹಚ್ಚಿದ ಬಣ್ಣ ಅಂತ ನನಗನ್ನಿಸುತ್ತೆ. ಜಾಸ್ತಿ ಜನ ಸುಮ್ನೆ ಶನಿವಾರ ಆಟ ನೋಡೋಕೆ ಬಂದವರೇ ಇರಬೇಕು.

ಗೋಡೆ ಬಿದ್ದ ಮೇಲೆ ಓಬರ್‌ಶೋನೆವೈಡೆಯಲ್ಲಿ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿದವು. ಸಾವಿರಾರು ಜನರ ಕೆಲಸ ಹೋಯಿತು. ಕ್ಲಬ್ಬಿಗೆ ದುಡ್ಡಿಲ್ಲ. 1993ರಲ್ಲಿ ಎರಡನೇ ದರ್ಜೆಯ ಲೀಗ್‌ನಲ್ಲಿ ಆಡುವ ಲೈಸೆನ್ಸ್ ಸಿಗಲಿಲ್ಲ, ಕೊಟ್ಟಿದ್ದ ಬ್ಯಾಂಕ್ ಗ್ಯಾರಂಟಿಯೇ ನಕಲಿ ಅಂತ ಗೊತ್ತಾಯಿತು. ಮುಂದಿನ ವರ್ಷವೂ ಲೈಸೆನ್ಸ್ ಕೈತಪ್ಪಿತು. ನಮ್ಮ ಕಡೆ ಆಗಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು.

2004ರಲ್ಲಿ ಮತ್ತೆ ಪೇಚಿಗೆ ಸಿಕ್ಕಿತು. ಲೈಸೆನ್ಸ್‌ಗೆ 14.6 ಲಕ್ಷ ಯೂರೋ ತೋರಿಸಬೇಕಿತ್ತು. ಬರ್ಲಿನ್‌ನಲ್ಲಿ ರಕ್ತ ಕೊಟ್ಟರೆ ಸ್ವಲ್ಪ ಹಣ ಕೊಡುತ್ತಾರೆ. ಅಭಿಮಾನಿಗಳು ಸಾಲಾಗಿ ಹೋಗಿ ರಕ್ತ ಕೊಟ್ಟು, ಬಂದ ಹಣ ತಂದು ಕ್ಲಬ್ಬಿಗೆ ಹಾಕಿದರು. ದೇಣಿಗೆ ಕೂಡ ಬಂತು. ಲೈಸೆನ್ಸ್ ಉಳಿಯಿತು.

2008ರಲ್ಲಿ ಇನ್ನೊಂದು ಸಂಕಟ. 1920ರಿಂದ ಇದ್ದ ಸ್ಟೇಡಿಯಂ ಹಳತಾಗಿತ್ತು, ನಿಂತು ನೋಡುವ ಮೆಟ್ಟಿಲುಗಳ ಕಾಂಕ್ರೀಟು ಉದುರುತ್ತಿತ್ತು. ದುರಸ್ತಿ ಮಾಡದಿದ್ದರೆ ಅಲ್ಲಿ ಆಡುವಂತಿಲ್ಲ. ಆಗ ಅಭಿಮಾನಿಗಳೇ ಹೆಲ್ಮೆಟ್ ಹಾಕಿಕೊಂಡು ಇಳಿದರು. ರಜೆ ಹಾಕಿ ಬಂದವರು, ಕೆಲಸ ಕಳೆದುಕೊಂಡವರು, ನಿವೃತ್ತರು, ಒಟ್ಟು 2,000ಕ್ಕೂ ಹೆಚ್ಚು ಜನ. ಹಳೆ ಕಾಂಕ್ರೀಟ್ ಒಡೆದರು, ಹೊಸದು ಹಾಕಿದರು, ಕಂಬಿ ಬೆಸೆದರು, ಬಣ್ಣ ಬಳಿದರು. ಕಟ್ಟಡ ಕೆಲಸ ಬಲ್ಲವರು ಮೇಸ್ತ್ರಿಗಳಾಗಿ ನಿಂತರು. ಲೆಕ್ಕ ಹಾಕಿದಾಗ ಸುಮಾರು 1,40,000 ಗಂಟೆಗಳ ಬಿಟ್ಟಿ ದುಡಿಮೆ. ಇವತ್ತು ಕೋಪೆನಿಕ್ ಸ್ಟೇಷನ್ನಿನಲ್ಲಿ ಇಳಿದು ಮರಗಳ ನಡುವೆ ನಡೆದು ಹೋದರೆ ಆ ಮೆಟ್ಟಿಲುಗಳು ಸಿಗುತ್ತವೆ. ಸುಮಾರು 22,000 ಜನ ಹಿಡಿಯುವ ಜಾಗ, ಅದರಲ್ಲಿ 18,000ಕ್ಕೂ ಹೆಚ್ಚು ಜನ ನಿಂತೇ ನೋಡುತ್ತಾರೆ. ಒಂದು ಮೂಲೆಯಲ್ಲಿ ಕೈಯಿಂದ ಅಂಕಿ ಬದಲಿಸುವ ಹಳೇ ಸ್ಕೋರ್‌ಬೋರ್ಡ್ ಹಾಗೇ ಇದೆ. ಸುತ್ತ ನಿಂತವರ ಕೈಯಲ್ಲಿ ಬಿಯರು, ಕುತ್ತಿಗೆಗೆ ಕೆಂಪು ಬಿಳಿ ಮಫ್ಲರು. ತಂಡ ಎಷ್ಟೇ ಕೆಟ್ಟದಾಗಿ ಆಡಲಿ, ತಮ್ಮ ಆಟಗಾರರಿಗೆ ಛೀಮಾರಿ ಹಾಕಬಾರದು, ಕೊನೆಯ ಸೀಟಿ ಊದುವ ಮುಂಚೆ ಹೊರಡಬಾರದು ಅನ್ನೋದು ಇವರ ಕಟ್ಟಳೆ.

2019ರಲ್ಲಿ ಮೊದಲ ಸಲ ಜರ್ಮನಿಯ ಅಗ್ರ ಲೀಗ್ ಬುಂಡೆಸ್‌ಲೀಗಾ ಸೇರಿದರು. ಮೊದಲ ಪಂದ್ಯ ಲೈಪ್ಜಿಗ್ ಎದುರು. ಆ ದಿನ ನೂರಾರು ಜನ ಒಂದೊಂದು ದೊಡ್ಡ ಫೋಟೋ ಎತ್ತಿ ಹಿಡಿದಿದ್ದರು. ತೀರಿಹೋದ ಅಪ್ಪ, ಅಜ್ಜ, ಗೆಳೆಯ. ಈ ದಿನ ನೋಡದೆ ಹೋದವರು. ತಂಡ 0-4 ಸೋತಿತು.

ಇದೆಲ್ಲ ಜರ್ಮನ್ನರ ರಕ್ತದಲ್ಲೇ ಇದೆ, ನಮಗೆ ಬರಲ್ಲ ಅನ್ನುವವರು ಇದ್ದಾರೆ. ನಾನು ಒಪ್ಪಲ್ಲ. ಯೂನಿಯನ್ ಒಂದು ನೋಂದಾಯಿತ ಸಂಘ. ಚಂದಾ ಕಟ್ಟಿದವನೇ ಸದಸ್ಯ, ಸದಸ್ಯನಿಗೆ ಓಟು. ಕಾರ್ಖಾನೆ ಮುಚ್ಚಿದರೂ ಸಂಘ ಮುಚ್ಚಬೇಕಿರಲಿಲ್ಲ, ಯಾಕಂದ್ರೆ ಅದು ಕಾರ್ಖಾನೆಯ ಸೊತ್ತಾಗಿರಲಿಲ್ಲ. ಜರ್ಮನಿಯ ಲೀಗ್‌ನಲ್ಲಿ ಸಾಮಾನ್ಯವಾಗಿ ಓಟಿನ ಬಹುಮತ ಸದಸ್ಯರ ಸಂಘದ ಕೈಯಲ್ಲೇ ಇರಬೇಕು ಅನ್ನೋ ನಿಯಮವೂ ಇದೆ. ಐಟಿಐ ಆಟಗಾರರು ಕಂಪನಿಯ ನೌಕರರು, ತಂಡ ಕಂಪನಿಯದ್ದು. ನೋಡೋಕೆ ಬಂದವನು ಬರೀ ನೋಡೋಕೆ ಬಂದವನು. ಅವನಿಗೆ ರಕ್ತ ಕೊಡುವ ಮನಸ್ಸಿದ್ದರೂ ತಂದು ಕೊಡೋದು ಯಾರ ಕೈಗೆ?

ಈಗಿನ ಬೆಂಗಳೂರು ಎಫ್‌ಸಿ ಬಗ್ಗೆ ನನಗೆ ಗೌರವ ಇದೆ. 2013ರಲ್ಲಿ ಒಂದು ಉದ್ಯಮ ಸಮೂಹ ಹುಟ್ಟುಹಾಕಿತು, ಮೊದಲ ವರ್ಷವೇ ಐ-ಲೀಗ್ ಗೆದ್ದಿತು. ಅದರ ಅಭಿಮಾನಿ ಬಳಗ ವೆಸ್ಟ್ ಬ್ಲಾಕ್ ಬ್ಲೂಸ್‌ನ ಹುಡುಗರು ಹಾಡುವ ಪರಿ ಬರ್ಲಿನ್‌ನವರಿಗೇನೂ ಕಡಿಮೆಯಿಲ್ಲ. ಆದರೆ ನಾಳೆ ಮಾಲೀಕರಿಗೆ ಬೇಸರವಾದರೆ ಆ ಹುಡುಗರಿಗೆ ಹೇಳಲು ಒಂದು ಮಾತೂ ಇಲ್ಲ, ಅಲ್ವಾ?

ಯೂನಿಯನ್‌ನಲ್ಲೂ ಎಲ್ಲ ಸುಸೂತ್ರ ಅಂತಲ್ಲ. ಸದಸ್ಯರು ಸ್ಟೇಡಿಯಂ ಹಿಡಿಯುವುದಕ್ಕಿಂತ ಎರಡು ಪಟ್ಟಿಗೂ ಜಾಸ್ತಿ ಆಗಿದ್ದಾರೆ, ಹೊಸಬರಿಗೆ ಟಿಕೆಟ್ ಸಿಗೋದು ಅದೃಷ್ಟ. 2023ರಲ್ಲಿ ಚಾಂಪಿಯನ್ಸ್ ಲೀಗ್ ಪಂದ್ಯಗಳನ್ನು ಊರಿನ ಇನ್ನೊಂದು ತುದಿಯ ಒಲಿಂಪಿಕ್ ಸ್ಟೇಡಿಯಂಗೆ ಒಯ್ದಾಗ ಎಷ್ಟೋ ಹಳಬರು ಗೊಣಗಿದರು. ನನಗದು ಸರಿ ಅನ್ನಿಸಿತು. ಎಂದೂ ಒಳಗೆ ಹೋಗಲಾಗದ ಸದಸ್ಯನಿಗೂ ಒಂದು ದಿನ ಬೇಕು ತಾನೇ.

ಯೂನಿಯನ್‌ನ ಬೇರು ಹುಟ್ಟುವುದಕ್ಕೆ ಒಂದು ವರ್ಷ ಮುಂಚೆ, 1905ರಲ್ಲಿ, ಗದಗಿನ ಹತ್ತಿರ ಕಣಗಿನಹಾಳದ ರೈತರು ಸಹಕಾರ ಸಂಘ ಕಟ್ಟಿದ್ದರು. ಚಂದಾ, ಷೇರು, ಸಭೆ, ಓಟು, ಇದ್ಯಾವುದೂ ನಮಗೆ ಹೊಸದಲ್ಲ. ಆಟಕ್ಕೆ ಮಾತ್ರ ಯಾಕೋ ಅದನ್ನು ತರಲಿಲ್ಲ. ಈ ಮಾತು ಎತ್ತಿದಾಗಲೆಲ್ಲ ಊರಿನ ಗೆಳೆಯ ಫೋನಿನಲ್ಲಿ ನಗುತ್ತಾನೆ. "ಓಟು ಅಂದ್ರೆ ರಾಜಕೀಯ ಬರುತ್ತೆ ಕಣೋ, ಕ್ಲಬ್ ಕೆಟ್ಟುಹೋಗುತ್ತೆ" ಅಂತಾನೆ. ಬರಲಿ ಬಿಡು, ನಿಮ್ಮೂರ ಹಾಲಿನ ಡೇರಿ ಎಲೆಕ್ಷನ್‌ನಲ್ಲಿ ಇಲ್ವಾ ಅಂತ ನಾನೂ ಕೇಳುತ್ತೇನೆ.